ಸಂಜೆ ಜ್ವರ ಮತ್ತು ಕಬ್ಬಿನ ಸಿಪ್ಪೆ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಆಲೆಮನೆಯಲ್ಲಿ ದುಡಿಯುವವರಿಗೆ. ಅದರಲ್ಲೂ ಒಲೆಗೆ ಸಿಪ್ಪೆ ಹಾಕುವವರಿಗೆ. ಹಳೆಯ ಸಿಪ್ಪೆಯ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಬಗಾಸೋಸಿಸ್ ಅನ್ನುವ ಕಾಯಿಲೆಯ ಬಗ್ಗೆ.

ಕಬ್ಬು ಅರೆದ ಹಸಿ ಸಿಪ್ಪೆಯಿಂದ ಈ ಕಾಯಿಲೆ ಬರುವುದಿಲ್ಲ. ಅದೇ ಸಿಪ್ಪೆ ತಿಂಗಳುಗಟ್ಟಲೆ ರಾಶಿ ಬಿದ್ದು, ನೆನೆದು, ಒಳಗೇ ಬಿಸಿಯೇರಿ ಬೂಷ್ಟು ಹಿಡಿದರೆ ಕಥೆ ಬೇರೆ. ಆ ಬಿಸಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತದೆ. ರಾಶಿ ಕೆದಕಿದಾಗ ಅದರ ಕಣಗಳು ದೂಳಿನ ಜೊತೆ ಎದ್ದು, ಶ್ವಾಸಕೋಶದ ತೀರಾ ಸಣ್ಣ ಕವಲುಗಳವರೆಗೂ ಇಳಿಯುತ್ತವೆ. ದೇಹಕ್ಕೆ ಅದು ಒಗ್ಗುವುದಿಲ್ಲ. ಅಲ್ಲೆಲ್ಲ ಊತ, ಕಣ್ಣಿಗೆ ಕಾಣದಷ್ಟು ಪುಟ್ಟ ಗಂಟುಗಳು. ಇದೇ ಬಗಾಸೋಸಿಸ್. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಮೆರಿಕದ ಲೂಸಿಯಾನಾದ ವೈದ್ಯರು 1941ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದೂ ಕಬ್ಬಿನ ಸೀಮೆಯೇ.

ಗುರುತು ಸುಲಭ. ಬೆಳಿಗ್ಗೆ ಸಿಪ್ಪೆ ಮುಟ್ಟಿದರೆ 4ರಿಂದ 8 ಗಂಟೆಯಲ್ಲಿ ಚಳಿಜ್ವರ, ಒಣಕೆಮ್ಮು, ಏದುಸಿರು. ಜ್ವರ ಏರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಸಿಪ್ಪೆಯ ನೆನಪೇ ಆಗುವುದಿಲ್ಲ. ಆದ್ದರಿಂದ ಡಾಕ್ಟರ ಹತ್ತಿರ ಹೋದಾಗ ಸಿಪ್ಪೆಯ ಕೆಲಸ ಅಂತ ಬಾಯಿಬಿಟ್ಟು ಹೇಳಿ.

ಒಂದು ಚಳಿಗಾಲದಲ್ಲಿ ಒಬ್ಬರು ಹೆಂಡತಿಯ ಜೊತೆ ಬಂದರು. 45 ವಯಸ್ಸಿರಬಹುದು. ಎರಡು ತಿಂಗಳಿಂದ ಕೆಮ್ಮು. ತೂಕ ಇಳಿದಿತ್ತು. ಕ್ಷಯ ಇರಬಹುದು ಅಂತ ಕಫ ಪರೀಕ್ಷೆ ಆಗಿತ್ತು, ಏನೂ ಸಿಕ್ಕಿರಲಿಲ್ಲ. ಏನು ಕೆಲಸ ಅಂತ ಕೇಳಿದೆ. "ಕೂಲಿ ಸಾರ್" ಅಂದರು, ಅಷ್ಟೇ. ಆಗ ಆ ತಾಯಿ ಬಾಯಿ ಹಾಕಿದರು. "ಮಗಳ ಮನೇಲಿ ಹದಿನೈದು ದಿನ ಇದ್ರು ಸಾರ್, ಜ್ವರಾನೇ ಇರ್ಲಿಲ್ಲ. ಊರಿಗೆ ಬಂದು ಆಲೆಮನೆಗೆ ಹೋದ್ರು ನೋಡಿ, ಅವತ್ತು ಸಂಜೇನೇ ಮತ್ತೆ ನಡುಕ." ಎಷ್ಟು ಚೆನ್ನಾಗಿ ಗಮನಿಸಿದ್ದರು! ಸಿಪ್ಪೆ ಹೇಗಿದೆ ಅಂತ ಕೇಳಿದೆ. "ಹೋದ ವರ್ಷದ್ದು ಸಾರ್, ಕೆದಕಿದ್ರೆ ಹೊಗೆ ಥರ ಏಳುತ್ತೆ" ಅಂದರು ಗಂಡ. ಸ್ಕ್ಯಾನ್ ಮಾಡಿಸಿದೆವು, ಅನುಮಾನ ನಿಜವಾಯಿತು. ಕೆಲವು ವಾರ ಸ್ಟೀರಾಯ್ಡ್ ಮಾತ್ರೆ ಕೊಟ್ಟೆ. ಆದರೆ ಅವರನ್ನು ಉಳಿಸಿದ್ದು ಆ ರಾಶಿಯಿಂದ ದೂರ ಇದ್ದದ್ದೇ. ಒಲೆ ಬಿಟ್ಟು ಗದ್ದೆಯಲ್ಲಿ ಕಬ್ಬು ಕಡಿಯಲು ಹೋದರು. ಮುಂದಿನ ಸಲ ಬಂದಾಗ ಮೆಟ್ಟಿಲು ಹತ್ತಿಯೂ ಏದುಸಿರಿರಲಿಲ್ಲ.

"ಕೂಲಿ" ಅಂದರೆ ನಮಗೆ ಏನು ಗೊತ್ತಾಗಬೇಕು, ಹೇಳಿ? ಸಿಪ್ಪೆಯ ಕೆಲಸ ಅನ್ನಿ. ಸುಮ್ನೆ ಕೆಮ್ಮಿನ ಔಷಧಿ ಕುಡಿಯುತ್ತಾ ಕೂತರೆ ಶ್ವಾಸಕೋಶ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಯಾವ ಮಾತ್ರೆಯೂ ಅದನ್ನು ಮೊದಲಿನ ಹಾಗೆ ಮಾಡುವುದಿಲ್ಲ.

ಸಮಯ ಆಗುತ್ತಾ ಬಂತು. ಆಲೆಮನೆ ಯಜಮಾನರೇ, ರಾಶಿ ನೆನೆಯದಂತೆ ಟಾರ್ಪಾಲು ಹೊದಿಸಿ. ಹಳೆಯ ಸಿಪ್ಪೆ ಎತ್ತುವ ಮುಂಚೆ ನೀರು ಚಿಮುಕಿಸಿ. ಮುಖಕ್ಕೆ ಟವೆಲು ಸುತ್ತಿದರೆ ಸಾಲದು, ಎನ್95 ಮಾಸ್ಕ್ ಕೊಡಿಸಿ. ಮೈಸೂರಿನಲ್ಲಿ ಮಾಳಿಗೆ ಮೇಲೆ ಪಾರಿವಾಳ ಸಾಕುವವರಿಗೂ ಆ ಹಕ್ಕಿಗಳ ದೂಳಿನಿಂದ ಇದೇ ಜಾತಿಯ ಕಾಯಿಲೆ ಬರಬಹುದು. ಕೆಮ್ಮು ಅಂತ ಹೋದಾಗ ನೀವೂ ಪಾರಿವಾಳದ ವಿಷಯ ಹೇಳಿ. ನಮಸ್ಕಾರ.