ಅದು ಮೆಟ್ಟಿಲು ಸ್ವಾಮಿ, ಡಬಲ್ ಡೈ ಅಲ್ಲ

ನಮಸ್ಕಾರ, ಬನ್ನಿ, ಕೂತ್ಕೊಳ್ಳಿ. ಇವತ್ತು ನಾಣ್ಯ ಇಡೋ ಆಲ್ಬಮ್‌ಗಳ ಬಗ್ಗೆ ಮಾತಾಡೋಣ ಅಂತ ಸ್ಕ್ರಿಪ್ಟ್ ಬರ್ಕೊಂಡಿದ್ದೆ. ಪಕ್ಕಕ್ಕಿಟ್ಟಿದ್ದೀನಿ. ನಿನ್ನೆ ರಾತ್ರಿ ಒಂದು ಕಾಮೆಂಟ್ ಬಂತು. ಓದ್ತೀನಿ ಕೇಳಿ. “ಸರ್, ನನ್ನ ಡಬಲ್ ಡೈ ನಾಣ್ಯಾನ ನೀವು ಮಷೀನ್ ಡಬ್ಲಿಂಗ್ ಅಂದ್ರಿ. ನಿಮಗೆ ಹೊಟ್ಟೆಕಿಚ್ಚು.” ಅದಕ್ಕೆ ನಲವತ್ತು ಲೈಕು!

ಹೊಟ್ಟೆಕಿಚ್ಚಂತೆ. ಅಂಥ ಮಷೀನ್ ಡಬ್ಲಿಂಗ್ ನಾಣ್ಯ ನನ್ನ ಡ್ರಾಯರ್‌ನಲ್ಲೇ ಒಂದು ಡಬ್ಬಿ ತುಂಬಾ ಬಿದ್ದಿವೆ, ಸ್ವಾಮಿ. ಅದರಲ್ಲಿ ಕಿಚ್ಚು ಪಡೋದೇನಿದೆ?

ಸರಿ, ನಿಧಾನವಾಗಿ ಹೇಳ್ತೀನಿ. ಎರಡರಲ್ಲೂ ನಾಣ್ಯದ ಅಕ್ಷರ ಜೋಡಿಯಾಗೇ ಕಾಣುತ್ತೆ, ಕಾರಣ ಮಾತ್ರ ಬೇರೆ. ನಾಣ್ಯ ಹೊಡೆಯೋದು ಡೈ, ಅಂದ್ರೆ ಅಚ್ಚು. ಆ ಅಚ್ಚನ್ನ ಮಾಡೋದು ಹಬ್ ಅನ್ನೋ ಇನ್ನೊಂದು ಉಕ್ಕಿನ ತುಂಡು. ಹಿಂದೆಲ್ಲ ಹಬ್ ಒಂದು ಸಲ ಒತ್ತಿದ್ರೆ ಚಿತ್ರ ಪೂರ್ತಿ ಇಳೀತಿರಲಿಲ್ಲ. ಒತ್ತಿದ ಉಕ್ಕು ಬಿರುಸಾಗ್ತಿತ್ತು, ಅದನ್ನ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಆ ಎರಡನೇ ಒತ್ತಿನಲ್ಲಿ ಕೂದಲೆಳೆಯಷ್ಟು ತಿರುಗಿ ಕೂತ್ರೆ ಅಚ್ಚಲ್ಲೇ ಅಕ್ಷರ ಎರಡಾಯ್ತು. ಅದು ಡಬಲ್ ಡೈ. ಆ ಅಚ್ಚಿಂದ ಬಂದ ನಾಣ್ಯಕ್ಕೆಲ್ಲ ಅದೇ ಜಾಗದಲ್ಲಿ, ಅದೇ ಥರ ಜೋಡಿ ಗೆರೆ.

1955ರ ಲಿಂಕನ್ ಸೆಂಟ್ ನೋಡಿ, ಅಮೆರಿಕದ ಒಂದು ಸೆಂಟಿನ ನಾಣ್ಯ. ಫಿಲಡೆಲ್ಫಿಯಾ ಟಂಕಸಾಲೆದು. ಇಸವಿ ಎರಡೆರಡು, ಲಿಬರ್ಟಿ ಅನ್ನೋ ಪದ ಎರಡೆರಡು, ಬರೀ ಕಣ್ಣಿಗೇ ಕಾಣುತ್ತೆ. ತಿರುಗಿಸಿದ್ರೆ ಹಿಂಬದಿ ಮಾತ್ರ ಶುದ್ಧ. ಯಾಕೆ? ಕೆಟ್ಟಿದ್ದು ಮುಂಬದಿಯ ಅಚ್ಚೊಂದೇ. ಟಂಕಸಾಲೆಯವರಿಗೆ ಗೊತ್ತಾಗೋ ಹೊತ್ತಿಗೆ ಸಾವಿರಾರು ನಾಣ್ಯ ಒಳ್ಳೆಯವುಗಳ ಜೊತೆ ಬೆರೆತುಹೋಗಿತ್ತು.

ಈಗ ಮಷೀನ್ ಡಬ್ಲಿಂಗ್. ಇಲ್ಲಿ ಅಚ್ಚು ಸರಿಯಾಗೇ ಇರುತ್ತೆ, ಆದ್ರೆ ಸಡಿಲ. ಹೊಡೆದ ಮರುಕ್ಷಣ ಅಲುಗಾಡಿ, ಆಗಷ್ಟೇ ಉಬ್ಬಿದ ಅಕ್ಷರದ ಅಂಚನ್ನ ಒರೆಸಿ ಚಪ್ಪಟೆ ಮಾಡುತ್ತೆ. ಲೂಪ್, ಅಂದ್ರೆ ಪುಟ್ಟ ಭೂತಗನ್ನಡಿ, ಹಿಡಿದು ನೋಡಿ. ಡಬಲ್ ಡೈ ಆದ್ರೆ ಎರಡನೇ ಗೆರೆಗೂ ದುಂಡನೆ ಮೈ ಇರುತ್ತೆ, ಅಕ್ಷರ ದಪ್ಪಗಿರುತ್ತೆ, ಮೂಲೆಯಲ್ಲಿ ಹಾವಿನ ನಾಲಿಗೆ ಥರ ಸೀಳು. ಮಷೀನ್ ಡಬ್ಲಿಂಗ್ ಆದ್ರೆ ಅಕ್ಷರ ಸಣಕಲಾಗಿ ಪಕ್ಕದಲ್ಲಿ ಹೊಳೆಯೋ ಚಪ್ಪಟೆ ಪಟ್ಟಿ. ಮೆಟ್ಟಿಲು. ನಿಮ್ಮ ಫೋಟೋದಲ್ಲಿ ಇರೋದೂ ಮೆಟ್ಟಿಲೇ!

“ಆದ್ರೆ ಸರ್, ಎರಡು ಕಾಣುತ್ತಲ್ಲ?” ಕಾಣುತ್ತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಫೋಟೋ ವಿಷಯಕ್ಕೆ ಬರ್ತೀನಿ, ಅರ್ಧ ರೋಗ ಇರೋದೇ ಅಲ್ಲಿ. ನಾಣ್ಯಾನ ಬೆರಳಲ್ಲಿ ಓರೆಯಾಗಿ ಹಿಡ್ಕೊಂಡು, ಫ್ಲಾಶ್ ಹಾಕಿ, ಮೂತಿಗೆ ತಂದು ಜೂಮ್ ಮಾಡ್ತೀರಿ. ಅರ್ಧ ನಾಣ್ಯ ಮಸುಕು, ಇನ್ನರ್ಧ ಬಿಳಿ. ಮೇಲಿಂದ ಫೋನು ಅಂಚಿಗೆ ಶಾರ್ಪ್ನೆಸ್ ಅಂತ ಒಂದು ಗೆರೆ ತಾನೇ ಎಳೆಯುತ್ತೆ. ಹೀಗೆ ಮಾಡಿ. ನಾಣ್ಯ ಮೇಜಿನ ಮೇಲೆ ಸಪಾಟಾಗಿರಲಿ, ಕ್ಯಾಮೆರಾ ನೇರ ಮೇಲೆ, ಸ್ಟ್ಯಾಂಡ್ ಇದ್ರೆ ಸಾಕು. ದೀಪ ಒಂದೇ, ಪಕ್ಕದಿಂದ. ಒಂದು ಫೋಟೋ ತೆಗೀರಿ. ದೀಪ ಮುಟ್ಟಬೇಡಿ, ನಾಣ್ಯಾನ ಕಾಲು ಸುತ್ತು ತಿರುಗಿಸಿ ಇನ್ನೊಂದು ತೆಗೀರಿ. ನಿಮ್ಮ “ಡಬಲ್” ಮಾಯವಾದ್ರೆ ಅದು ನೆರಳು. ಹಾಗೇ ಉಳಿದು ಚಪ್ಪಟೆ ಕಂಡ್ರೆ ಮೆಟ್ಟಿಲು. ಈ ದೀಪದ ವಿಚಾರಕ್ಕೇ ಬೇರೆ ವಿಡಿಯೋ ಮಾಡಿದ್ದೀನಿ, ಹನ್ನೊಂದು ನಿಮಿಷದ್ದು. ಯಾರೂ ನೋಡಿಲ್ಲ. ನೋಡಿ, ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ.

ಇನ್ನೊಬ್ಬರು ಬರೆದಿದ್ದಾರೆ, “ಗ್ರೂಪಲ್ಲಿ ಎಲ್ಲರೂ ಡಬಲ್ ಡೈ ಅಂದ್ರು.” ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ! ಆ ಎಲ್ಲರೂ ಹೋದ ವಾರ ತಮ್ಮ ತಮ್ಮ ಮೆಟ್ಟಿಲು ಹಾಕಿದ್ದವರೇ.

ಕಾಮೆಂಟ್ ಮಾಡಿದ ಪುಣ್ಯಾತ್ಮ ಗ್ರೇಡನ್ನೂ ಬರೆದಿದ್ದಾರೆ, ಎಂಎಸ್-67 ಅಂತೆ. ಎಂಎಸ್ ಅಂದ್ರೆ ಮಿಂಟ್ ಸ್ಟೇಟ್. ವಿಲಿಯಂ ಶೆಲ್ಡನ್ ಅನ್ನೋರು 1949ರಲ್ಲಿ ಒಂದರಿಂದ 70ರ ಅಳತೆಪಟ್ಟಿ ಕೊಟ್ಟಿದ್ದು ಅಮೆರಿಕದ ಹಳೇ ದೊಡ್ಡ ಸೆಂಟ್‌ಗಳಿಗೆ. ಈಗ ಅದರ ಸುಧಾರಿತ ರೂಪ ಎಲ್ಲ ನಾಣ್ಯಕ್ಕೂ ನಡೀತಿದೆ, ನಡೀಲಿ. ಆದ್ರೆ ಗ್ರೇಡ್ ಹೇಳೋದು ನಾಣ್ಯದ ಸ್ಥಿತಿ. ವೆರೈಟಿ, ಅಂದ್ರೆ ಯಾವ ಥರದ ಅಚ್ಚಿಂದ ಬಂತು ಅನ್ನೋದು, ಅಲ್ಲ. ಎಂಎಸ್ ಅಂತ ಬರೀಬೇಕಂದ್ರೆ ಅದು ಚಲಾವಣೆಯಲ್ಲಿ ಸವೆದಿರಬಾರದು. ಅಕ್ಷರ ಎದ್ದು ಕಾಣಲಿ ಅಂತ ಇವರು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಫೋಟೋ ತೆಗೆದಿದ್ದಾರೆ. ಹೊಡೆತಕ್ಕೆ ಲೋಹ ಹರಿದ ಸಣ್ಣ ಸಣ್ಣ ಗೆರೆಗಳಿಂದಲೇ ಆ ಲಸ್ಟರ್, ನಾಣ್ಯ ಓಲಾಡಿಸಿದ್ರೆ ಚಕ್ರದ ಕಡ್ಡಿಗಳ ಹಾಗೆ ಸುತ್ತೋ ಹೊಳಪು, ಬರೋದು. ತಿಕ್ಕಿದ್ರಿ, ಹೋಯ್ತು. ಈಗ ಅದು ಮೆಟ್ಟಿಲೂ ಹೌದು, ತಿಕ್ಕಿದ ನಾಣ್ಯವೂ ಹೌದು.

ಪ್ರಾಮಾಣಿಕವಾಗಿ ಹೇಳ್ತೀನಿ, ಮೊದಲ ಸಲ ನಾನೂ ಕುಣಿದಿದ್ದೆ. ರಾತ್ರಿ ಎರಡು ಗಂಟೆ, ಲೂಪು, ಇಸವಿಯ ಪಕ್ಕ ಇನ್ನೊಂದು ಇಸವಿ. ನಾಣ್ಯಾನ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಬೀಗ ಹಾಕಿಟ್ಟೆ. ಮುಂದೊಂದು ದಿನ ತೆಗೆದು ನೋಡಿದ್ರೆ ಕವರ್ ಅಂಟಂಟು, ನಾಣ್ಯಕ್ಕೆ ಹಸಿರು ಪಾಚಿ. ಕೆಳಗೆ ಮೆಟ್ಟಿಲು ಮಾತ್ರ ಭದ್ರವಾಗಿತ್ತು. ಆಲ್ಬಮ್ ವಿಡಿಯೋ ಮಾಡ್ಬೇಕು ಅಂದ್ಕೊಂಡಿದ್ದೇ ಅದಕ್ಕೆ, ಮುಂದಿನ ವಾರ ಮಾಡ್ತೀನಿ.

“ಮಷೀನ್ ಡಬ್ಲಿಂಗೂ ಎರರ್ ತಾನೇ ಸರ್?” ಬೇಕಾದ್ರೆ ಎರರ್ ಅನ್ನಿ, ಬೇಡ ಅನ್ನಲ್ಲ. ಡಬಲ್ ಡೈ ಅನ್ನಬೇಡಿ! ಅದೇ ಅಚ್ಚಿಂದ ಬಂದ ಮುಂದಿನ ನಾಣ್ಯ ತಗೊಳ್ಳಿ, ಅದರಲ್ಲಿ ಮೆಟ್ಟಿಲು ಸಣ್ಣದಾಗಿರಬಹುದು, ಅದರ ಮುಂದಿನದರಲ್ಲಿ ಇಲ್ಲದೇನೂ ಇರಬಹುದು. ಇನ್ನೇನು ಬೇಕು? ನನಗೆ ಇನ್ನೊಂದು ಕಾರಣ ಇತ್ತು, ಹಾಳೆಯಲ್ಲಿ ಬರೆದಿದ್ದೆ... ಮೂರನೇ ಪಾಯಿಂಟ್ ಅಂತ... ಕಾಣಿಸ್ತಿಲ್ಲ. ಹೋಗ್ಲಿ. ಮೆಟ್ಟಿಲು ಮೆಟ್ಟಿಲೇ. ಎಷ್ಟು ಲೈಕ್ ಬಂದ್ರೂ ಮೆಟ್ಟಿಲೇ.

ತಡೀರಿ, ಅವರೇ ಮತ್ತೆ ಕಳಿಸಿದ್ದಾರೆ. ಹೊಸ ಫೋಟೋ. ಈ ಸಲ ನೇರ ಮೇಲಿಂದ, ಪಕ್ಕದಿಂದ ಒಂದೇ ದೀಪ. ಫೋಟೋ ಚೆನ್ನಾಗಿ ಬಂದಿದೆ, ಇಲ್ಲ ಅನ್ನಲ್ಲ.

ಮೆಟ್ಟಿಲು ಇನ್ನೂ ಸ್ಪಷ್ಟವಾಗಿ ಕಾಣ್ತಿದೆ.