ವರ್ಷಕ್ಕೊಂದೇ ಸಲ ಬರೋ ಕಾಫಿ ದುಡ್ಡಿನಲ್ಲಿ ತಿಂಗಳ ಸಂಬಳ ಮಾಡ್ಕೊಳ್ಳೋದು ಹೇಗೆ? | ಚಿಕ್ಕಮಗಳೂರು ವ್ಲಾಗ್

ನಮಸ್ಕಾರ, ಆಲ್ದೂರು ಕಡೆಯಿಂದ ಶುರು ಮಾಡ್ತಿದೀವಿ. ಕಣದಲ್ಲಿ ಹರಡಿರೋದು ರೋಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸೋ ಕಾಫಿ ಹಣ್ಣು. ಒಣಗಿಸೋದು, ಚೀಲ ತುಂಬೋದು ಎಲ್ಲ ನೀವೇ ನೋಡ್ತಿದೀರಲ್ಲ, ಅದನ್ನ ಬಿಡೋಣ. ಇವತ್ತಿನ ಮಾತು ಏನಿದ್ರೂ ಚೀಲ ಲಾರಿ ಹತ್ತಿದ ಮೇಲೆ ಬರೋ ದುಡ್ಡಿನ ಬಗ್ಗೆ.

ಹಣಕಾಸಿನ ವಿಡಿಯೋ ಮಾಡೋರೆಲ್ಲ ಬೆಂಗಳೂರಿನ ಸಂಬಳದವರನ್ನ ಎದುರಿಗೆ ಕೂರಿಸ್ಕೊಂಡೇ ಮಾತಾಡ್ತಾರೆ. ಒಂದನೇ ತಾರೀಕು ಸಂಬಳ, ಐದಕ್ಕೆ ಎಸ್‌ಐಪಿ, ಅಂದ್ರೆ ಮ್ಯೂಚುವಲ್ ಫಂಡಿಗೆ ತಿಂಗಳ ಕಂತು. ಇಲ್ಲಿ ಎಲ್ಲಿದೆ ಒಂದನೇ ತಾರೀಕು? ಜನವರಿಯಿಂದ ಮಾರ್ಚ್ ಒಳಗೆ ಬಂದಿದ್ದು ಬಂತು, ಇನ್ನು ಮುಂದಿನ ಕೊಯ್ಲಿಗೇ. ಆಳುಗಳ ಕೂಲಿ ಬಟವಾಡೆ ಮಾತ್ರ ವಾರವಾರ ತಪ್ಪಲ್ಲ. ಕಾಫಿ ಗಿಡ ಹೂ ಬಿಡೋಕೆ ಬೇಕಾದ ಹೂವಿನ ಮಳೆ ಕೈ ಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್ ಬೇರೆ.

ಸರಿ, ಪೇಟೆಗೆ ಬಂದ್ವಿ, ಇದು ಐ.ಜಿ. ರೋಡ್. ಪಾರ್ಕಿಂಗ್ ಹುಡುಕ್ತಾ ಬೋರ್ಡ್ ನೋಡ್ತಾ ಹೋಗಿ. ಎಡಕ್ಕೆ ಚಿನ್ನದ ಸಾಲ, ಬಲಕ್ಕೂ ಚಿನ್ನದ ಸಾಲ. ನನಗೆ ಮೈಯೆಲ್ಲ ಉರಿಯೋದು ಇದರ ರಿನ್ಯೂವಲ್ ನೋಡಿದಾಗ. ಶಾಲೆ ಫೀಸು ಕಟ್ಟಿ, ಗೊಬ್ಬರ ತಂದು, ಗಿಡಕ್ಕೆ ಬೋರ್ಡೋ ಔಷಧಿ ಹೊಡೆಸೋ ಹೊತ್ತಿಗೆ ಕೈ ಖಾಲಿ. ಆಗಸ್ಟ್ ಬರ್ತಿದ್ದಂಗೆ ಬೀರುವಿನಲ್ಲಿದ್ದ ಸರ ಇಲ್ಲಿಗೆ ಬರುತ್ತೆ.

2 ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 12 ಅಂತ ಇಟ್ಕೊಳ್ಳಿ. ಬಡ್ಡಿ 24,000. ವರ್ಷ ತುಂಬಿದ ದಿನ ಕೌಂಟರಿನಲ್ಲಿ, "ಬಡ್ಡಿ ಒಂದು ಕಟ್ಬಿಡಿ ಸಾರ್, ರಿನ್ಯೂವಲ್ ಮಾಡ್ಕೊಡ್ತೀವಿ" ಅಂತಾರೆ. ಎಷ್ಟು ಸಲೀಸು! ಹಂಗೇ ಐದು ವರ್ಷ ನಡೆದರೆ 1,20,000 ಬಡ್ಡಿಗೇ ಹೋಯ್ತು, ಅಸಲು 2 ಲಕ್ಷ ಇದ್ದಲ್ಲೇ ಇದೆ, ಸರಾನೂ ಅಲ್ಲೇ ಇದೆ. ಕೆಲವು ಸ್ಕೀಮಿನಲ್ಲಿ ಇನ್ನೊಂದು ಕೊಕ್ಕೆ: ತಿಂಗಳು ತಿಂಗಳು ಬಡ್ಡಿ ಕಟ್ಟಿದವರಿಗೆ ಮಾತ್ರ ಬೋರ್ಡಿನಲ್ಲಿರೋ ದರ, ತಡ ಆದಂಗೆ ದರ ಮೇಲೇರುತ್ತೆ. ಸಹಿ ಹಾಕೋ ಮೊದಲು "ಆರು ತಿಂಗಳು ಬಿಟ್ಟು ಒಂದೇ ಸಲ ಕಟ್ಟಿದ್ರೆ ಒಟ್ಟು ಎಷ್ಟು ರೂಪಾಯಿ?" ಅಂತ ಕೇಳಿ. ಪರ್ಸೆಂಟ್ ಕೇಳಬೇಡಿ, ರೂಪಾಯಿ ಕೇಳಿ. ತೂಕ ಹಾಕುವಾಗ ಕಲ್ಲು, ಅರಗಿನ ತೂಕ ಕಳೀತಾರೆ. ಕಳೀಲಿ, ಅದು ಸರಿಯೇ. ಆದರೆ ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ಚೀಟಿಯಲ್ಲಿ ಬರೆಸ್ಕೊಳ್ಳಿ.

ಹಂಗಂತ ಚಿನ್ನದ ಸಾಲವೇ ಕೆಟ್ಟದ್ದು... ಇಲ್ಲ, ಹಂಗೆ ಹೇಳಿದ್ರೆ ತಪ್ಪಾಗುತ್ತೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಕೈಸಾಲ ಅಂದ್ರೆ ವರ್ಷಕ್ಕೆ 36. ಅದರ ಮುಂದೆ ಇದು ಎಷ್ಟೋ ವಾಸಿ. ಅದೇ 2 ಲಕ್ಷಕ್ಕೆ ಸೆಪ್ಟೆಂಬರಿನಲ್ಲಿ ಇಟ್ಟು ಜನವರಿಯಲ್ಲಿ ಬಿಡಿಸಿದರೆ ನಾಲ್ಕು ತಿಂಗಳ ಬಡ್ಡಿ 8,000ಕ್ಕೆ ಕೆಲಸ ಮುಗೀತು. ಬಿಡಿಸದೆ ಬಡ್ಡಿ ಮಾತ್ರ ಕಟ್ಕೊಂಡು ಹೋಗೋದೇ ರೋಗ. ಅದೇ ಮನೆಯ ದುಡ್ಡು ಮಾರ್ಚಿನಲ್ಲಿ ಉಳಿತಾಯ ಖಾತೆಯಲ್ಲಿ ಚಿಲ್ಲರೆ ಬಡ್ಡಿಗೆ ಮಲಗಿರುತ್ತೆ, ಅಷ್ಟು ಕಾಣ್ತಿದ್ದಂಗೆ ಹೊಸ ಕಾರಿನ ಮಾತು ಎದ್ದೇಳುತ್ತೆ!

ಇದಕ್ಕೆ ಮದ್ದು ಎಫ್‌ಡಿ ಸಾಲು, ಅಂದ್ರೆ ಒಂದೊಂದು ತಿಂಗಳಿಗೆ ಒಂದೊಂದು ನಿಶ್ಚಿತ ಠೇವಣಿ. ತೋಟದ ಖರ್ಚು ಮೊದಲು ಬೇರೆ ಎತ್ತಿಡಿ: ಮುಂಗಾರಿಗೆ ಮುಂಚಿನ ಗೊಬ್ಬರ, ಮಳೆ ಮುಗಿದ ಮೇಲಿನ ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಕಡಿಸೋದು), ಕೊಯ್ಲಿನ ಕೂಲಿ. ಆಮೇಲೆ ಮನೆ. ತಿಂಗಳಿಗೆ 35,000 ಬೇಕು ಅಂದ್ರೆ ವರ್ಷಕ್ಕೆ 4,20,000. ಈ ತಿಂಗಳದ್ದು ಕೈಯಲ್ಲಿರಲಿ. ಉಳಿದಿದ್ದಕ್ಕೆ 35,000ದ 11 ಎಫ್‌ಡಿ, ಒಂದೊಂದು ಒಂದೊಂದು ತಿಂಗಳ ಮೊದಲ ವಾರಕ್ಕೆ ಮುಗಿಯೋ ಹಾಗೆ. ಒಂದೇ ದೊಡ್ಡ ಎಫ್‌ಡಿ ಯಾಕೆ ಬೇಡ? ನಡುವೆ ಮುರಿದ್ರೆ ಅಷ್ಟೂ ಮೊತ್ತದ ಮೇಲೆ ಬಡ್ಡಿ ಕತ್ತರಿಸ್ತಾರೆ. ಸಾಲಿನಲ್ಲಿ ಮುರಿಯೋದು ಒಂದೇ ತುಂಡು. ಬಂಡವಾಳ ಕಾಫಿಯದ್ದೇ ಆದ್ರೂ ಎಫ್‌ಡಿ ಬಡ್ಡಿ ಕೃಷಿ ಆದಾಯ ಅಲ್ಲ, ರಿಟರ್ನ್ಸ್‌ನಲ್ಲಿ ತೋರಿಸ್ಲೇಬೇಕು.

ಎಲ್ಲಿಡೋದು? ಸೌಹಾರ್ದ ಸಹಕಾರಿಯಲ್ಲಿ (ಸದಸ್ಯರಿಂದ ಠೇವಣಿ ತಗೊಂಡು ಸಾಲ ಕೊಡೋ ಸಂಘ, ಬ್ಯಾಂಕ್ ಅಲ್ಲ) ಬಡ್ಡಿ ಜಾಸ್ತಿ ಅಂತ ಓಡೋರಿದಾರೆ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಯಿಂದ. ಸಹಕಾರಿ ಬ್ಯಾಂಕಿಗೂ ಇದೆ. ಸೌಹಾರ್ದ ಸಹಕಾರಿಗೆ, ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಮನೆ ಖರ್ಚಿನ ದುಡ್ಡು ಅಲ್ಲಿಡಬೇಡಿ, ಅಷ್ಟೇ.

ಇದೇನು ಕಾಫಿ ಬಂತು. ಕಾಫಿ ನಾಡಿನ ಹೋಟೆಲಲ್ಲೇ ಇಷ್ಟು ಚಿಕೋರಿ ಕುಡಿಸ್ತಾರಲ್ಲ! ಕಾನೂನಿನ ಪ್ರಕಾರ 49 ಪರ್ಸೆಂಟ್ ತನಕ ಬೆರೆಸಬಹುದು, ಅದಕ್ಕೇ ಪೊಟ್ಟಣದ ಮೇಲೆ ಓದಿ ತಗೊಳ್ಳಿ ಅನ್ನೋದು. ಸರಿ, ದುಡ್ಡಿನ ಮಾತಿಗೆ ಬರೋಣ. ಮುಂದಿನದ್ದು ಪಿಪಿಎಫ್, ಅಂದ್ರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ. ನಮ್ಮ ಸುಗ್ಗಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ತಿಂಗಳು 5ನೇ ತಾರೀಕಿನಿಂದ ಕೊನೆ ದಿನದವರೆಗೆ ಇದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ. ಹಾಗಾಗಿ ಏಪ್ರಿಲ್ 5ರೊಳಗೆ 1,50,000 ಕಟ್ಟಿದ್ರೆ ಅಷ್ಟಕ್ಕೂ ಪೂರ್ತಿ ವರ್ಷದ ಬಡ್ಡಿ. ಆರಕ್ಕೆ ಕಟ್ಟಿದ್ರೆ ಆ ತಿಂಗಳದ್ದು ಹೋಯ್ತು.

ದುಡಿಮೆ ಬಿಟ್ರೂ ಮನೆ ನಡೀಬೇಕು ಅಂದ್ರೆ ಎಷ್ಟು ಬೇಕು? ವರ್ಷದ ಖರ್ಚಿನ 25 ಪಟ್ಟು ಅನ್ನೋ ಲೆಕ್ಕ 1994ರಲ್ಲಿ ವಿಲಿಯಂ ಬೆಂಗೆನ್ ಅನ್ನೋ ಹಣಕಾಸು ಸಲಹೆಗಾರ ಅಮೆರಿಕದ ಅಂಕಿಅಂಶ ಹಿಡಿದು ಮಾಡಿದ್ದರಿಂದ ಬಂದಿದ್ದು. ನಮ್ಮ ಬೆಲೆಯೇರಿಕೆಗೆ 30 ಪಟ್ಟಾದ್ರೂ ಬೇಕು ಅಂತೀನಿ. ಉದಾಹರಣೆಗೆ ವರ್ಷಕ್ಕೆ 6 ಲಕ್ಷ ಖರ್ಚಿರೋ ಮನೆಗೆ 1 ಕೋಟಿ 80 ಲಕ್ಷ. ತೋಟದ ಬೆಲೆಯನ್ನ ಇದಕ್ಕೆ ಸೇರಿಸಬೇಡಿ, ಮಾರೋದಿಲ್ಲ ತಾನೇ? ಅದರ ಆದಾಯ ಸೇರಿಸಿ, ಅದೂ ಬೆಲೆ ಬಿದ್ದ ವರ್ಷದ್ದು. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಹೋಗಿತ್ತು. 2024ರಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು ಅಂತ ಅದೇ ದರದಲ್ಲಿ ನಿವೃತ್ತಿ ಲೆಕ್ಕ ಹಾಕೋರಿಗೆ ಕೈ ಮುಗೀತೀನಿ.

ಬ್ಯಾಂಕ್ ಬಂತು, ಒಳಗೆ ಕ್ಯಾಮೆರಾ ಬಿಡಲ್ಲ, ಬೇಗ ಹೇಳ್ತೀನಿ. ಎಫ್‌ಡಿ ಫಾರಂನಲ್ಲಿ ಅವಧಿ ಮುಗಿದಾಗ ಏನು ಮಾಡಬೇಕು ಅಂತ ಒಂದು ಸಾಲು ಇರುತ್ತೆ. ಸುಮ್ಮನಿದ್ರೆ ತಾನಾಗೇ ರಿನ್ಯೂ ಅಂತ ಟಿಕ್ ಬೀಳುತ್ತೆ, ಜುಲೈ ಖರ್ಚಿನ ದುಡ್ಡು ಖಾತೆಗೆ ಬರದೆ ಮತ್ತೆ ಎಫ್‌ಡಿಯಾಗಿ ಕೂರುತ್ತೆ. "ಅಸಲು ಬಡ್ಡಿ ಎರಡೂ ಉಳಿತಾಯ ಖಾತೆಗೆ" ಅಂತ ಬರೆಸಿ. ಹನ್ನೊಂದು ರಸೀದಿಯಲ್ಲೂ ಆ ಸಾಲು, ನಾಮಿನಿ ಹೆಸರು ನೋಡ್ಕೊಂಡೇ ಕೌಂಟರ್ ಬಿಡಿ.