ಮಲೆನಾಡಿನ ರಸ್ತೆಗೆ ಎಂಥ ಸ್ಪ್ರಿಂಗ್?

ನಮಸ್ಕಾರ. ಮೊದಲು ಈ ಸ್ಪ್ರಿಂಗ್ ನೋಡಿ. ನನ್ನ ಹಳೆ ಹ್ಯಾಚ್‌ಬ್ಯಾಕ್‌ನ ಮುಂದಿನ ಎಡಗಡೆಯದು. ಕೆಳಗಿನ ಸುತ್ತಿನಲ್ಲಿ ಒಂದು ಗೇಣು ತುಂಡೇ ಇಲ್ಲ. ಮುರಿದು ಎಷ್ಟು ದಿನವಾಗಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ. ಹಂಪ್ ಇಳಿಸುವಾಗ ಟಣ್ ಅಂತ ಒಂದು ಸದ್ದು ಬರುತ್ತಿತ್ತು, ಅಷ್ಟೇ. ಮುರಿದ ಬಾಯಿ ನೋಡಿ. ಒಂದು ಭಾಗ ತುಕ್ಕು ಹಿಡಿದು ಕಪ್ಪಾಗಿದೆ, ಉಳಿದದ್ದು ಬೆಳ್ಳಗಿದೆ. ಅಂದರೆ ಬಿರುಕು ಮೊದಲೇ ಬಿಟ್ಟಿತ್ತು. ನಮ್ಮ ಕಡೆ ಮಳೆಗಾಲ ಪೂರ್ತಿ ಕೆಂಪು ಕೆಸರು ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲೇ ಇರುತ್ತದೆ. ಕಲ್ಲು ಬಡಿದು ಬಣ್ಣ ಎದ್ದ ಕಡೆ ನೀರು ಹಿಡಿಯುತ್ತದೆ. ಅಲ್ಲಿಂದ ಬಿರುಕು ಶುರು.

ಇವತ್ತು ಸ್ಪ್ರಿಂಗ್ ವಿಚಾರವನ್ನೇ ಮಾತಾಡೋಣ. ತುಂಬ ಹುಡುಗರು ಕೇಳುತ್ತಾರೆ, ಕಾರು ತಿರುವಿನಲ್ಲಿ ವಾಲುತ್ತದೆ, ಕಡಿಮೆ ಖರ್ಚಿನಲ್ಲಿ ಸ್ಪ್ರಿಂಗ್ ಹಾಕಿಸಿ ಸರಿ ಮಾಡಬಹುದಾ ಅಂತ. ಮಾಡಬಹುದು. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಓಡಾಡುವವರು ಕಾರನ್ನು ತಗ್ಗಿಸುವ ಸ್ಪ್ರಿಂಗ್‌ಗೆ ದುಡ್ಡು ಹಾಕಬೇಡಿ. ಕಂಪನಿ ಅಳತೆಯದ್ದೇ ಹೊಸ ಸ್ಪ್ರಿಂಗ್ ಹಾಕಿಸಿ, ಜೊತೆಗೇ ಹೊಸ ಶಾಕ್ ಅಬ್ಸಾರ್ಬರ್, ಅಂದರೆ ಶಾಕ್, ಹಾಕಿಸಿ. ನಮ್ಮ ರಸ್ತೆಗೆ ಆ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ಇಲ್ಲ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಕಾರು ವಾಲುವುದು ಬೇರೆ, ಹಿಡಿತ ಬೇರೆ. ತಿರುವಿನಲ್ಲಿ ಒಳಗಡೆಯ ಚಕ್ರದ ಭಾರ ಹೊರಗಡೆಯ ಚಕ್ರಕ್ಕೆ ದಾಟುತ್ತದೆ ಅಲ್ವಾ? ಎಷ್ಟು ದಾಟಬೇಕು ಅನ್ನುವುದು ನಿಮ್ಮ ವೇಗ, ತಿರುವು ಎಷ್ಟು ಕಡಿದು, ಕಾರಿನ ಭಾರ ಎಷ್ಟು ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ ಎಷ್ಟು ಅಗಲ, ಇವುಗಳ ಲೆಕ್ಕ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಬಾಡಿ ಕಡಿಮೆ ವಾಲುತ್ತದೆ. ಭಾರ ಮಾತ್ರ ಹೆಚ್ಚುಕಡಿಮೆ ಅಷ್ಟೇ ದಾಟುತ್ತದೆ. ಅದರಲ್ಲಿ ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನ ಚಕ್ರಕ್ಕೆ ಎಷ್ಟು ಅನ್ನುವ ಪಾಲು ಬದಲಾಗುತ್ತದೆ. ಈ ಪಾಲು ಕೆಟ್ಟರೆ ಏನಾಗುತ್ತದೆ ಅಂತ ನಾನೇ ಅನುಭವಿಸಿದ್ದೇನೆ.

ಅಡಿಕೆ ಚೀಲ ಹೇರಿದಾಗ ಕಾರಿನ ಹಿಂಭಾಗ ಕೂರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಹಿಂದಿನ ಸ್ಪ್ರಿಂಗ್‌ನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿದೆ. ಅಗ್ಗದ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯಿತು. ಬಫರ್ ಸಿಕ್ಕಿಸಿದ ಸುತ್ತು ಮೊದಲಿನ ಹಾಗೆ ಕುಗ್ಗುವುದಿಲ್ಲ. ಕೆಲಸವೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ, ಹಿಂಭಾಗ ಮಾತ್ರ ಬಿಗಿಯಾಗುತ್ತದೆ. ಆಗ ತಿರುವಿನಲ್ಲಿ ದಾಟುವ ಭಾರದಲ್ಲಿ ಹಿಂದಿನ ಚಕ್ರಗಳ ಪಾಲು ಜಾಸ್ತಿಯಾಗಿ ಅಲ್ಲಿನ ಹಿಡಿತ ಕಡಿಮೆಯಾಗುತ್ತದೆ. ಇದನ್ನು ಹಾಕುವಾಗ ನನಗೆ ಯಾರೂ ಹೇಳಲಿಲ್ಲ. ಜುಲೈ ತಿಂಗಳು, ಆಗುಂಬೆ ಘಾಟಿ ಇಳಿಯುತ್ತಿದ್ದೆ. ಡಿಕ್ಕಿ ಖಾಲಿ. ಎದುರಿಗೆ ಮಂಜು, ರಸ್ತೆ ಮೇಲೆ ನೀರು. 14 ತಿರುವುಗಳಲ್ಲಿ ಆರನೆಯದೋ ಏಳನೆಯದೋ ಇರಬೇಕು. ತಿರುಗಿಸಿದ ಮೇಲೆ ವೇಗ ಜಾಸ್ತಿಯಾಯಿತು ಅನ್ನಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹಿಂದಿನ ಚಕ್ರ ಜಾರಿ ಕಾರು ಅಡ್ಡ ತಿರುಗಿತು. ಚರಂಡಿಗೆ ಒಂದು ಮೊಳ ಬಾಕಿ ಇತ್ತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ವೇಗದ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಬಫರ್ ಇಲ್ಲದೆ ಅದೇ ಕಾರಿನಲ್ಲಿ ಎಷ್ಟೋ ಮಳೆಗಾಲ ಆ ಘಾಟಿ ಇಳಿದಿದ್ದೆ, ಒಂದು ಸಲವೂ ಹೀಗಾಗಿರಲಿಲ್ಲ. ಮರುದಿನವೇ ತೆಗೆಸಿದೆ.

ಸ್ಪ್ರಿಂಗ್ ಕತ್ತರಿಸುವುದಂತೂ ದಯವಿಟ್ಟು ಬೇಡ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಹೋದರೆ ಸ್ಪ್ರಿಂಗ್ ಶೇ 20ರಷ್ಟು ಗಟ್ಟಿಯಾಗುತ್ತದೆ. ಕತ್ತರಿಸಿದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಗ್ಯಾಸ್ ಕಟ್ಟರ್ ಹಿಡಿದರೆ ಉಕ್ಕಿನ ಹದವೇ, ಅಂದರೆ ಕಾಸಿ ತಣಿಸಿ ಕೊಟ್ಟ ಗಟ್ಟಿತನವೇ, ಹೋಗುತ್ತದೆ. ಹದ ಅಂದರೆ ಏನು ಅಂತ ಭದ್ರಾವತಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಗುಜರಿಯಲ್ಲಿ ಸಿಕ್ಕ ಬೇರೆ ಕಾರಿನ ಸ್ಪ್ರಿಂಗ್ ಹಾಕಿಸುವವರೂ ಇದ್ದಾರೆ. ನೋಡಲು ಒಂದೇ ಥರ ಇರುತ್ತದೆ. ಆದರೆ ಸ್ಪ್ರಿಂಗ್‌ನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ. ಉಳಿದ ಅಳತೆ ಒಂದೇ ಇದ್ದು ತಂತಿ ಮಾತ್ರ 12 ಮಿಲಿಮೀಟರ್ ಬದಲು 12.5 ಆದರೆ ಶೇ 18ರಷ್ಟು ಗಟ್ಟಿ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣುತ್ತದಾ? ಒಂದೇ ಮಾಡೆಲ್‌ನ ಪೆಟ್ರೋಲ್ ಕಾರಿಗೂ ಡೀಸೆಲ್ ಕಾರಿಗೂ ಎಷ್ಟೋ ಸಲ ಮುಂದಿನ ಸ್ಪ್ರಿಂಗ್ ಬೇರೆ ಬೇರೆ, ಯಾಕೆಂದರೆ ಡೀಸೆಲ್ ಎಂಜಿನ್ ಭಾರ. ಪಾರ್ಟ್ ನಂಬರ್ ಹೇಳಿಯೇ ತರಿಸಿ.

ಒಳ್ಳೆಯ ಕಂಪನಿಯ ತಗ್ಗು ಸ್ಪ್ರಿಂಗ್ ಸೆಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನುಣುಪಾದ ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆ ಹೇಗಿರುತ್ತದೆ, ಗೊತ್ತಲ್ಲ. ತಿರುವಿನ ಮಧ್ಯದಲ್ಲೇ ಗುಂಡಿ. ಬಿಗಿ ಸ್ಪ್ರಿಂಗ್ ಇದ್ದರೆ ಚಕ್ರ ಗುಂಡಿಯೊಳಗೆ ಇಳಿದು ಹತ್ತುವ ಬದಲು ಹಾರುತ್ತದೆ. ಹಾರಿದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಆಮೇಲೆ ತೋಟದ ಮನೆಯ ಮಣ್ಣುದಾರಿ. ನಡುವಿನ ದಿಬ್ಬಕ್ಕೆ ಕಾರಿನ ಹೊಟ್ಟೆ ಉಜ್ಜುತ್ತದೆ.

ನಿಮ್ಮ ಸ್ಪ್ರಿಂಗ್ ಸೋತು ಕುಸಿದಿದೆಯಾ ಅಂತ ಮನೆಯಲ್ಲೇ ನೋಡಬಹುದು. ಸಮ ನೆಲದಲ್ಲಿ, ಖಾಲಿ ಕಾರು. ಟೇಪ್ ಹಿಡಿದು ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಕಡೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗ್ಯಾರೇಜಿಗೆ ಹೋಗಿ. ಶಾಕ್ ಮೇಲೆ ಎಣ್ಣೆ ಜಿನುಗಿದೆಯಾ ಅಂತಲೂ ನೋಡಿ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್. ಸುಸ್ತಾದ ಶಾಕ್ ಮೇಲೆ ಹೊಸ ಸ್ಪ್ರಿಂಗ್ ಹಾಕಿದರೆ ಕಾರು ಇನ್ನೂ ಜಾಸ್ತಿ ಕುಣಿಯುತ್ತದೆ.

ಟಯರ್ ಸವೆದಿದ್ದರೆ ಮಾತ್ರ ಮೊದಲ ದುಡ್ಡು ಟಯರ್‌ಗೇ. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ನಮ್ಮ ಮಳೆಗೆ ಅದು ಸಾಲದು. ನಾನು 3ಕ್ಕೇ ಬದಲಿಸುತ್ತೇನೆ.

ಖರ್ಚು ಹೇಳಿಬಿಡುತ್ತೇನೆ. ನಾಲ್ಕು ಸ್ಪ್ರಿಂಗ್, ನಾಲ್ಕು ಶಾಕ್, ಮುಂದಿನ ಸ್ಟ್ರಟ್ ಮೌಂಟ್, ಲಿಂಕ್ ರಾಡ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ ನನಗೆ ₹20,000ದ ಒಳಗೆ ಮುಗಿಯಿತು. ಚಿಕ್ಕ ಕಾರು, ಹಾಗಾಗಿ ಅಷ್ಟು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಎರಡು ಮೂರು ಅಂಗಡಿ ಸುತ್ತಿದರೆ ಬೆಲೆ ಗೊತ್ತಾಗುತ್ತದೆ. ಒಟ್ಟಿಗೆ ಆಗದಿದ್ದರೆ ಈ ತಿಂಗಳು ಮುಂದಿನ ಜೋಡಿ, ಆಮೇಲೆ ಹಿಂದಿನ ಜೋಡಿ. ಒಂದೇ ಒಂದು ಬದಲಿಸಬೇಡಿ, ಎಡ ಬಲ ಎರಡೂ ಸೇರಿಸಿ ಬದಲಿಸಿ. ವಾಹನದ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಮಾರ್ಪಾಡು ಮಾಡಿಸಿದವರಿಗೆ ಅದರ ಚಿಂತೆ. ಕಂಪನಿ ಅಳತೆಯ ಸ್ಪ್ರಿಂಗ್‌ಗೆ ಆ ತಲೆನೋವೂ ಇಲ್ಲ.

ಈ ಕೆಲಸ ಮನೆಯಲ್ಲಿ ಮಾಡಬೇಡಿ. ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗ್, ಶಾಕ್ ಒಟ್ಟಿಗೆ ಜೋಡಿಸಿರುತ್ತಾರೆ, ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಗುಂಡಿನ ಹಾಗೆ ಸಿಡಿಯುತ್ತದೆ, ಜೀವಕ್ಕೇ ಅಪಾಯ. ಕಂಪ್ರೆಸರ್ ಇರುವ ಗ್ಯಾರೇಜಿಗೇ ಹೋಗಿ, ಪಕ್ಕದಲ್ಲಿ ನಿಂತು ನೋಡಿ. ಇನ್ನೊಂದು ಮಾತು ಮೆಕ್ಯಾನಿಕ್ ಅಣ್ಣನಿಗೆ ಮೊದಲೇ ಹೇಳಿಡಿ. ಚಕ್ರವನ್ನು ಹಿಡಿದಿರುವ ಆರ್ಮ್‌ನ ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್‌ನ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟ್ ಎತ್ತರವನ್ನೂ ನೋಡಿಸಿ, ಕಾರಿನ ಮೂತಿ ಮೇಲೆ ಬಂದಿರುತ್ತದೆ. ಆಮೇಲೆ ಒಂದು ಸಲ ತೀರ್ಥಹಳ್ಳಿಗೆ ಹೋಗಿ ಬಂದು, ಬರೆದಿಟ್ಟ ಚೀಟಿ ತೆಗೆದು ಮತ್ತೆ ನಾಲ್ಕೂ ಕಡೆ ಟೇಪ್ ಹಿಡಿಯಿರಿ.